ಆರು ವಾರ, ನಲವತ್ತೆರಡು ಮನೆ

ಟೆಕ್ಸಾಸ್‌ನಲ್ಲಿ ಗರ್ಭಪಾತದ ಹಕ್ಕು ಒಂದೇ ಏಟಿಗೆ ಹೋಗಲಿಲ್ಲ. ಗರ್ಭಪಾತ ಸಂವಿಧಾನದತ್ತ ಹಕ್ಕು ಎಂದಿದ್ದ 1973ರ ರೋ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 2022ರ ಜೂನ್ 24ರಂದು. ಅದಕ್ಕೂ ಮೊದಲೇ, 2021ರ ಸೆಪ್ಟೆಂಬರ್ 1ರಿಂದ, ಭ್ರೂಣದ ಹೃದಯದ ಮಿಡಿತ ಯಂತ್ರಕ್ಕೆ ಸಿಕ್ಕೊಡನೆ, ಅಂದರೆ ಸುಮಾರು ಆರು ವಾರಕ್ಕೆ, ಗರ್ಭಪಾತವನ್ನು ತಡೆಯುವ ಕಾನೂನು ಇಲ್ಲಿ ಜಾರಿಯಾಗಿತ್ತು. ನೆರವಾದವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. ಗೆದ್ದರೆ ಕನಿಷ್ಠ 10,000 ಡಾಲರ್. ‘ಆರು ವಾರ ಸಾಲದೇ?’ ಎಂದು ಕೇಳಿದವರು ನನ್ನ ಪರಿಚಯದಲ್ಲೇ ಬಹಳ ಮಂದಿ, ಹೆಚ್ಚಿನವರು ಗಂಡಸರು. ನನ್ನ ಕಸೂತಿ ಹುಟ್ಟಿದ್ದು ಆ ಪ್ರಶ್ನೆಯಿಂದ.

ಏನನ್ನು ಹೊಲಿಯಬಾರದು ಎಂಬುದನ್ನು ಮೊದಲು ತೀರ್ಮಾನಿಸಿದೆ. ಕದ್ದುಮುಚ್ಚಿ ನಡೆಯುತ್ತಿದ್ದ ಗರ್ಭಪಾತದ ಗುರುತಾದ ತಂತಿಯ ಹ್ಯಾಂಗರ್ ಇಲ್ಲಿನ ಪ್ರತಿ ಮೆರವಣಿಗೆಯಲ್ಲೂ ಇರುತ್ತದೆ. ಆದರೆ ಗರ್ಭಪಾತದ ಮಿಫೆಪ್ರಿಸ್ಟೋನ್ ಮಾತ್ರೆಗೆ 2000ದಲ್ಲೇ ಅನುಮತಿ ಸಿಕ್ಕಿದೆ. ಇಂದಿನ ಹೆದರಿಕೆ ಕೋರ್ಟಿನದು, ಕಾನೂನಿಗೆ ಅಂಜಿ ಕೈಕಟ್ಟಿ ನಿಲ್ಲುವ ವೈದ್ಯರದು. ಅದನ್ನು ಹ್ಯಾಂಗರ್ ಹೇಳುವುದಿಲ್ಲ. ಘೋಷಣೆಯೂ ಬೇಡವೆನಿಸಿತು. ಹೆಣ್ಣಿನ ದೇಹವೇ ರಣರಂಗವೆಂದು ಕಲಾವಿದೆ ಬಾರ್ಬರಾ ಕ್ರೂಗರ್ 1989ರಲ್ಲೇ ವಾಷಿಂಗ್ಟನ್ನಿನ ಮೆರವಣಿಗೆಗೆಂದು ಮಾಡಿದ ಭಿತ್ತಿಚಿತ್ರದಲ್ಲಿ ಹೇಳಿಯಾಗಿದೆ. ಅದಕ್ಕಿಂತ ಜೋರಾಗಿ ಕೂಗುವ ಶಕ್ತಿ ನನ್ನ ಸೂಜಿಗಿಲ್ಲ.

ಕಸೂತಿಗೆ ನಕ್ಷೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತೇವೆ. ದಿನ ಎಣಿಸುವ ಕಾನೂನಿಗೆ ಇದೇ ಸರಿ ಅನ್ನಿಸಿತು. ಧಾರವಾಡದ ಕಡೆಯ ಚಂದ್ರಕಾಳಿ ಸೀರೆಯಂಥ ಕಪ್ಪು ಕೈಮಗ್ಗದ ಬಟ್ಟೆ ಆರಿಸಿಕೊಂಡೆ. ಕಪ್ಪಿನಲ್ಲಿ ಎಳೆ ಸುಲಭಕ್ಕೆ ಕಾಣುವುದಿಲ್ಲ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಹಗಲಿನಲ್ಲೇ ಕೂರಬೇಕು. ಸಾಲಿಗೆ ಏಳರಂತೆ ಆರು ಸಾಲು, ಒಟ್ಟು 42 ಮನೆ. ಗೆರೆಗಳೆಲ್ಲ ಗವಂತಿ ಎಂಬ ನೇರ ಹೊಲಿಗೆಯವು.

ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಮೊದಲೆರಡು ಸಾಲುಗಳಲ್ಲಿ ಗರ್ಭವೇ ಇಲ್ಲ. ಆ ಮನೆಗಳನ್ನು ಖಾಲಿ ಬಿಟ್ಟೆ. ಮುಂದಿನ ಎರಡು ಸಾಲು ಏನೂ ಗೊತ್ತಾಗದೆ ಕಳೆಯುವ ದಿನಗಳು. ಅಲ್ಲಿ ಕಪ್ಪು ದಾರದಲ್ಲೇ ಮುರಗಿ ಎಂಬ ಅಂಕುಡೊಂಕು ಹೊಲಿಗೆ ಹಾಕಿದೆ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಮುಟ್ಟು ತಪ್ಪುವುದು ಐದನೆಯ ಸಾಲಿನ ಮೊದಲ ಮನೆಯಲ್ಲಿ. ಅಲ್ಲಿಂದ ಕೆಂಪು ದಾರ. ಉಳಿದ ಆ ಎರಡು ಸಾಲುಗಳಲ್ಲೇ ಪರೀಕ್ಷೆ, ಕ್ಲಿನಿಕ್ಕಿನ ಸರದಿ, ಕೆಲಸಕ್ಕೆ ರಜೆ, ದುಡ್ಡು, ಮೇಲೆ ಸ್ಕ್ಯಾನಿಂಗ್ ಆಗಿ 24 ಗಂಟೆ ಕಾಯಬೇಕೆಂಬ ಇನ್ನೊಂದು ಕಾನೂನು. ಮುಟ್ಟು ಏರುಪೇರಾಗುವವರಿಗೆ, ಎಳೆಗೂಸಿಗೆ ಹಾಲೂಡಿಸುತ್ತಿರುವವರಿಗೆ ತಪ್ಪಿದ್ದೂ ತಿಳಿದಿರುವುದಿಲ್ಲ.

ತೊಟ್ಟಿಲು ಕಸೂತಿಯ ಹಳೆಯ ನಮೂನೆ. ಅದನ್ನು ಮನೆಗಳೊಳಗೆ ಇಟ್ಟಿದ್ದರೆ ಗರ್ಭಪಾತ ವಿರೋಧಿಗಳ ಫಲಕವಾಗಿಬಿಡುತ್ತಿತ್ತು. ಮೇಲಂಚಿನಲ್ಲಿ, ಲೆಕ್ಕ ಶುರುವಾಗುವುದಕ್ಕೂ ಮೊದಲು, ಮಗುವಿರುವ ತೊಟ್ಟಿಲು ಹಾಕಿದೆ. ಅಮೆರಿಕದಲ್ಲಿ ಗರ್ಭಪಾತ ಮಾಡಿಸಿಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾಯಂದಿರು.

2023ರಲ್ಲಿ ಐಡಾಹೋದ ಲೂಯಿಸ್-ಕ್ಲಾರ್ಕ್ ಸ್ಟೇಟ್ ಕಾಲೇಜು, ಗರ್ಭಪಾತದ ಮಾತ್ರೆಗಳನ್ನು ಹೊಲಿದಿದ್ದ ಕಟ್ರೀನಾ ಮೈಕಟ್ ಅವರ ಕಸೂತಿಯನ್ನು ಪ್ರದರ್ಶನದಿಂದ ತೆಗೆದುಹಾಕಿತು. ಸಾರ್ವಜನಿಕ ಹಣದಲ್ಲಿ ಗರ್ಭಪಾತವನ್ನು ಪ್ರೋತ್ಸಾಹಿಸಬಾರದೆಂಬ ರಾಜ್ಯದ ಕಾನೂನು ಅದಕ್ಕೆ ಕಾರಣ. ಅದನ್ನು ಓದಿದ ಮೇಲೆ ಸರ್ಕಾರಿ ಅನುದಾನದ ಗ್ಯಾಲರಿಗಳ ಸಹವಾಸವೇ ಬೇಡವೆಂದು ಗೆಳತಿಯ ಗ್ಯಾರೇಜಿನಲ್ಲಿ ತೂಗುಹಾಕಿದೆವು. ಗವಂತಿ, ಮುರಗಿ ಎರಡೂ ಬದಿಗೆ ಒಂದೇ ರೀತಿ ಕಾಣುವುದರಿಂದ ಗೋಡೆಯ ಹಂಗಿರಲಿಲ್ಲ.

‘ಅಕ್ಕಾ, ಇದು ಪಗಡೆ ಹಾಸೇ?’ ಎಂದು ಕೇಳಿದಳು ಕನ್ನಡದ ಹುಡುಗಿಯೊಬ್ಬಳು. ಎಣಿಸು ಎಂದೆ. ಕೆಂಪು ಸಾಲಿಗೆ ಬರುವಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು. ಹಿರಿಯರೊಡನೆ ಮಾತು ತೆಗೆಯಲು ರೋ ತೀರ್ಪು ಉಪಯೋಗಕ್ಕೆ ಬರುವುದಿಲ್ಲ, ಸವಿತಾ ಹಾಲಪ್ಪನವರ್ ಹೆಸರು ಬರುತ್ತದೆ. ಬೆಳಗಾವಿಯ ಆ ದಂತವೈದ್ಯೆ 2012ರಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ, ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ ಗರ್ಭಪಾತಕ್ಕೆ ಒಪ್ಪಿಗೆ ಸಿಗದೆ, ನಂಜೇರಿ ತೀರಿಕೊಂಡರು. ಅಲ್ಲಿನ ಗರ್ಭಪಾತ ನಿಷೇಧವನ್ನು ತೆಗೆಯುವ ಬಗ್ಗೆ 2018ರಲ್ಲಿ ನಡೆದ ಜನಮತಗಣನೆಯ ಹೊತ್ತಿಗೆ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಅವರ ಮುಖದ ಸುತ್ತ ಜನ ಚೀಟಿಗಳನ್ನು ಅಂಟಿಸಿ ಹೋಗಿದ್ದರು. ಚಿತ್ರ ಕಾನೂನನ್ನು ಬದಲಿಸಿತು ಎನ್ನಲಾರೆ. ಜನ ಬಂದು ನಿಲ್ಲಲು ಒಂದು ಜಾಗವನ್ನಂತೂ ಕೊಟ್ಟಿತು.

ಟೆಕ್ಸಾಸ್‌ನಲ್ಲಿ 2022ರ ಆಗಸ್ಟ್‌ನಿಂದ ಆ ಆರು ವಾರವೂ ಇಲ್ಲ, ಹೆಚ್ಚುಕಡಿಮೆ ಪೂರ್ಣ ನಿಷೇಧ. ಕೆಂಪನ್ನು ಬಿಚ್ಚಿಬಿಡಲೇ ಎಂದು ಯೋಚಿಸಿದ್ದುಂಟು. ಅಷ್ಟರಲ್ಲಿ ಫ್ಲಾರಿಡಾದಲ್ಲಿ 2024ರ ಮೇ 1ರಿಂದ ಅದೇ ಆರು ವಾರದ ಕಾನೂನು ಬಂತು. ಬಿಚ್ಚಲಿಲ್ಲ.

ಈಗ ಕೈಯಲ್ಲಿರುವುದು ಡಲ್ಲಾಸ್‌ನಿಂದ, ಗರ್ಭಪಾತಕ್ಕೆ ನಿಷೇಧವಿಲ್ಲದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹೋಗುವ ದಾರಿ, ಸುಮಾರು ಸಾವಿರ ಕಿಲೋಮೀಟರ್. ಗವಂತಿಯಲ್ಲಿ ಸೂಜಿ ಬಿಟ್ಟುಬಿಟ್ಟು ಹೋಗಿ, ಬರುವಾಗ ಆ ಸಂದುಗಳನ್ನು ತುಂಬುತ್ತದೆ. ಕಿಲೋಮೀಟರಿಗೆ ಒಂದು ಎಳೆ ಹಿಡಿದರೆ ಈ ಬಟ್ಟೆಯಲ್ಲಿ ಒಂದು ಮೊಳಕ್ಕೇ ಮುಗಿಯುತ್ತದೆ. ಅಷ್ಟು ಚಿಕ್ಕದು ಬೇಡವೆಂದು ನಾಲ್ಕೆಳೆ ಹಿಡಿಯುತ್ತಿದ್ದೇನೆ.