ಪಾಠದ ಬಗ್ಗೆ ತಕರಾರಿದ್ದರೆ ಹೀಗೆ ಕೇಳಿ

‘ಮನೆಯ ಮೂಢನಂಬಿಕೆಗಳನ್ನು ಪಟ್ಟಿ ಮಾಡಿ’ ಅಂತ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ನಾನು ತುಳಸಿಕಟ್ಟೆಗೆ ಹಚ್ಚುವ ಸಂಜೆ ದೀಪವನ್ನೂ ಮೊಮ್ಮಗಳು ಪೆನ್ಸಿಲ್‌ನಲ್ಲಿ ದುಂಡಗೆ ಬರೆದಿದ್ದಳು. ಕರುಳು ಚುರ್ ಅಂತು. ಪ್ರಗತಿಪರ ಅಂದರೆ ಅಜ್ಜಿಯ ದೀಪ ಆರಿಸುವುದೇ?

ಮೇಷ್ಟ್ರ ಮೇಲೆ ಕೂಗಾಡಬೇಡಿ. ಪ್ರಶ್ನೆ ಅವರದೋ ಪುಸ್ತಕದ್ದೋ ಮೊದಲು ನೋಡಿ. ಅವರದಾದರೆ ಕೂತು ಮಾತಾಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ. ಪುಸ್ತಕದ್ದಾದರೆ ಪುಟ, ಸಾಲು ಗುರುತಿಸಿ, ಬೆಂಗಳೂರಿನ ಬನಶಂಕರಿ 3ನೇ ಹಂತದ ಕರ್ನಾಟಕ ಪಠ್ಯಪುಸ್ತಕ ಸಂಘಕ್ಕೆ ಅರ್ಜಿ ಕೊಡಿ. ಸೀಲು ಬಿದ್ದ ಪ್ರತಿ ಬಿಡದೆ ಇಸ್ಕೊಳ್ಳಿ.

ಆ ಪಾಠ ಆರಿಸಿದ್ದು ಯಾರು? ಅದಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಇದೆ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. 2022ರಲ್ಲಿ ಸೇರಿದ ಕೆಲವು ಪಾಠಗಳನ್ನು 2023ರಲ್ಲಿ ತೆಗೆದಿದ್ದಾರೆ. ಪಠ್ಯ ಕಲ್ಲಲ್ಲಿ ಕೆತ್ತಿದ್ದಲ್ಲ.