ಇಬ್ಬನಿ ಆರೋವರೆಗೆ ಕೆಂಪಿಲ್ಲ

ಜಲವರ್ಣದಲ್ಲಿ ಚಳಿಗಾಲ ಅಂದರೆ ಹಿಮ ಅಂದುಕೊಂಡಿದ್ದೆ. ಹುಬ್ಬಳ್ಳಿಯಲ್ಲಿ ಕೂತು, ಕಣ್ಣಾರೆ ಕಾಣದ ಹಿಮದ ಚಿತ್ರ ಎರಡು ವರ್ಷ ತೆಗೆದೆ. ನಮ್ಮ ಕಡೆ ಚಳಿಗಾಲ ಅಂದರೆ ಬ್ಯಾಡಗಿ ಸುತ್ತಿನ ಮೆಣಸಿನಕಾಯಿ ಕಣ ಅಲ್ವಾ?

ಚಿತ್ರ ತಲೆಯಲ್ಲಿ ಸಿದ್ಧವಿತ್ತು. ಮಂಜು, ಎರೆ ಹೊಲ, ನಡುವೆ ಕೆಂಪು ರಾಶಿ. ಮನೆಯಲ್ಲೇ ಒಮ್ಮೆ ತೆಗೆದೂ ಆಗಿತ್ತು. ಜನವರಿಯ ಒಂದು ಬೆಳಿಗ್ಗೆ ಆರೂವರೆಗೆ ಕಣಕ್ಕೆ ಹೋದರೆ ಕೆಂಪೇ ಇಲ್ಲ! ರಾಶಿ ನೀಲಿ ತಾಡಪತ್ರಿ ಹೊದ್ದು ಮಲಗಿತ್ತು. ಕಣ ಕಾಯುತ್ತಿದ್ದ ಅಜ್ಜಿಗೆ ನನ್ನ ಚಿತ್ರ ತೋರಿಸಿದೆ. ನಕ್ಕರು. "ಇಬ್ಬನ್ಯಾಗ ಕಾಯಿ ಬಿಚ್ಚಿ ಇಡ್ತಾರೇನ ತಮ್ಮಾ? ಬಣ್ಣ ಹೋಗಿ ಬೆಳ್ಳಗಾಗ್ತಾವ." 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಸಿಕ್ಕ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬೆಲೆ ಬರೋದೇ ಬಣ್ಣಕ್ಕೆ. ಅದನ್ನು ಮಂಜಿಗೆ ಬಿಡುತ್ತಾರೆಯೇ?

ಹಾಗಾಗಿ ಹಾಳೆ ಎರಡಾಯಿತು. ಮೊದಲನೆಯದು ಮಂಜಿನದು. 300 ಜಿಎಸ್‌ಎಂನ ದಪ್ಪ ಕಾಟನ್ ಹಾಳೆ ತೋಯಿಸಿ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕಂದು ಬೆರೆಸಿ ತೆಳ್ಳಗಿನ ಬೂದು ಹರಿಸಿದೆ. ದೂರದ ಜಾಲಿ ಗಿಡಗಳನ್ನು ಆ ಹಸಿಯಲ್ಲೇ ಇಡಬೇಕು. ಇಲ್ಲೇ ಎಡವಿದ್ದು. ಮನೆಯಲ್ಲಿ ಫ್ಯಾನ್ ಕೆಳಗೆ ಹತ್ತು ನಿಮಿಷಕ್ಕೆ ಹದಕ್ಕೆ ಬರುವ ಹಾಳೆ ಆ ಥಂಡಿಯಲ್ಲಿ ಅರ್ಧ ಗಂಟೆಯಾದರೂ ಬರಲಿಲ್ಲ. ಗಡಿಯಾರ ನಂಬಿ ಕುಂಚ ಇಟ್ಟೆ, ಗಿಡ ಕರಗಿ ಹೊಗೆಯಾಯಿತು. ಈಗ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡುತ್ತೇನೆ. ಕನ್ನಡಿ ಹಾಗೆ ಹೊಳೆದರೆ ಸುಮ್ನೆ ಕೂರುವುದು. ಹೊಳಪು ಮಾಸುತ್ತಾ ಬಂದಾಗ ಗಿಡ ಇಡುವುದು, ಕುಂಚದಲ್ಲಿ ಬಣ್ಣ ಜಾಸ್ತಿ, ನೀರು ಕಡಿಮೆ. ಇನ್ನೂ ತಡವಾಗಿ ನೀರು ತುಂಬಿದ ಕುಂಚ ತಾಗಿಸಿದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ನನ್ನ ಹಾಳೆಯ ಎಡಮೂಲೆಯಲ್ಲಿ ಅಂಥದ್ದೊಂದಿದೆ. ಕೇಳಿದವರಿಗೆ ಪೊದೆ ಅನ್ನುತ್ತೇನೆ. ಎಲ್ಲ ಆರಿದ ಮೇಲೆ ಮುಂದೆ ನೀಲಿ ತಾಡಪತ್ರಿ ಬಂತು.

ಒಂಬತ್ತಕ್ಕೆ ಬಿಸಿಲೇರಿತು, ತಾಡಪತ್ರಿ ಎಳೆದರು. ನೋಡಿದರೆ ಕೆಂಪು ಒಂದೇ ಅಲ್ಲ. ನಿನ್ನೆ ಹರಿದು ತಂದ ಕಾಯಿಗೆ ನೇರ ಸ್ಕಾರ್ಲೆಟ್, ಉಜ್ವಲ ಕೆಂಪು. ಒಣಗಿ ಸುಕ್ಕಾದದ್ದಕ್ಕೆ ಅಲಿಝರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು, ಜೊತೆಗೆ ಚೂರು ಅಲ್ಟ್ರಾಮರೀನ್. ಕಾಯಿ ಒಂದೊಂದೇ ತೆಗೆಯಲು ಹೋಗಲಿಲ್ಲ, ರಾಶಿಯ ಅಂಚಿಗೆ ಹತ್ತು ಹನ್ನೆರಡು ಕೊಕ್ಕೆ ಗೀಟು ಸಾಕಾಯಿತು. ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ಸೀರೆ ಮೇಲೆ ಗಂಡಸರ ಹಳೇ ಅಂಗಿ ತೊಟ್ಟಿದ್ದರು. ಬಿಳಿ ಅಂಗಿಗೆ ಹಾಳೆಯ ಬಿಳಿಯನ್ನೇ ಬಿಟ್ಟು, ಮಡಿಕೆಗಳಿಗೆ ಮಾತ್ರ ತೆಳು ನೀಲಿ ಹಚ್ಚಿದೆ. ನಡುವೆ ಒಂದು ಕಾಯಿ ಮುರಿದು ನೋಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಖಾರ ಕಡಿಮೆ ಅಂದೆನಲ್ಲ, ಅದು ನಾಲಿಗೆಗೆ.

ಹೊರಡುವಾಗ ಅಜ್ಜಿ ಕೆಂಪಿನ ಹಾಳೆ ಬದಿಗಿಟ್ಟು ಮಂಜಿನದನ್ನೇ ದಿಟ್ಟಿಸಿದರು. "ತಾಡಪತ್ರಿ ಮ್ಯಾಲ ಕಲ್ಲ ಎಲ್ಲಿ? ಗಾಳಿಗೆ ಹಾರಿ ಹೋಗ್ತೈತಿ."

ಅಲ್ಲೇ ಮತ್ತೆ ಡಬ್ಬಿ ಬಿಚ್ಚಿ ನಾಲ್ಕು ಕಲ್ಲು ಇಟ್ಟೆ.