ಓಟಿ (ಆಪರೇಷನ್ ಥಿಯೇಟರ್) ಟೇಬಲ್ ಮೇಲೆ ಪೇಷಂಟ್‌ನ ಮಲಗಿಸುವಾಗ ನರಕ್ಕೆ ಪೆಟ್ಟಾಗದಂಗೆ ನೋಡ್ಕೊಳ್ಳೋದು ಹೆಂಗೆ

ನಿದ್ದೇಲಿ ಕೈ ಮೈಕೆಳಗೆ ಸಿಕ್ಕಾಕೊಂಡ್ರೆ ಜೋಮು ಹಿಡಿದು ನಾವೇ ಹೊರಳ್ತೀವಿ, ಅನಸ್ತೇಷಿಯಾ ಕೊಟ್ಟ ಮೇಲೆ ಪೇಷಂಟ್‌ಗೆ ಅದು ಆಗಲ್ಲ, ಮೂರು ಗಂಟೆ ಅಂದ್ರೆ ಮೂರು ಗಂಟೆ ನಾವು ಇಟ್ಟಂಗೇ ಇರ್ತಾರೆ. ನರ ಒತ್ತಿದ್ರೂ ಎಳೆದ್ರೂ ಅದಕ್ಕೆ ರಕ್ತ ಸರಿಯಾಗಿ ಹೋಗಲ್ಲ. ಹೊಸದಾಗಿ ಓಟಿಗೆ ಬರೋ ಟೆಕ್ನಿಷಿಯನ್, ಸಿಸ್ಟರ್‌ಗಳಿಗೆ ನಾನು ಮೊದಲು ಹೇಳೋದೇ ಇದು.

ಎಚ್ಚರ ಇದ್ದಾಗಲೇ ಕೇಳಿ, ಬೆರಳು ಜೋಮು ಹಿಡಿಯುತ್ತಾ, ಶುಗರ್ ಇದ್ಯಾ, ಭುಜ ಪೂರ್ತಿ ಎತ್ತೋಕಾಗುತ್ತಾ. ಎಚ್ಚರದಲ್ಲಿ ಬಗ್ಗದ ಕೀಲನ್ನ ನಿದ್ದೇಲಿ ಬಗ್ಗಿಸಬೇಡಿ.

ಕೈ ವಿಷಯಕ್ಕೆ ಬಂದ್ರೆ, ಮೊಣಕೈ ಒಳಮಗ್ಗುಲು ಎಲ್ಲಾದ್ರೂ ತಾಗಿದ್ರೆ ಕಿರುಬೆರಳ ತನಕ ಜುಮ್ ಅನ್ನುತ್ತಲ್ಲ, ಅಲ್ಲೇ ಅಲ್ನಾರ್ ನರ ಚರ್ಮದ ಕೆಳಗೇ ಇರೋದು, ಜಾಸ್ತಿ ಪೆಟ್ಟು ತಿನ್ನೋ ನರಗಳಲ್ಲಿ ಇದೂ ಒಂದು, ಅದರಲ್ಲೂ ಗಂಡಸರಲ್ಲಿ. ಆರ್ಮ್ ಬೋರ್ಡ್, ಅಂದ್ರೆ ಟೇಬಲ್ ಪಕ್ಕಕ್ಕೆ ಸಿಕ್ಕಿಸೋ ಹಲಗೆ, ಅದರ ಮೇಲೆ ಕೈ ಇಟ್ರೆ ಅಂಗೈ ಮೇಲಕ್ಕಿರ್ಲಿ, ಮೊಣಕೈ ಕೆಳಗೆ ಜೆಲ್ ಪ್ಯಾಡ್ ಇಲ್ಲಾಂದ್ರೆ ಹತ್ತಿ ರೋಲ್, ಬೋರ್ಡ್ ಟೇಬಲ್ ಮಟ್ಟಕ್ಕೇ ಇರ್ಲಿ, ಕೈ 90 ಡಿಗ್ರಿ ಮೀರಿ ಆಚೆ ಹೋದ್ರೆ ಕಂಕುಳಲ್ಲಿ ಹಾದು ಹೋಗೋ ನರಗಳ ಗುಂಪೇ ಎಳೆಯುತ್ತೆ. ಮೈ ಪಕ್ಕ ಸೇರಿಸಿ ಕಟ್ಟೋದಾದ್ರೆ ಹೆಬ್ಬೆರಳು ಮೇಲೆ, ಅಂಗೈ ತೊಡೆ ಕಡೆ. ಡ್ರೇಪ್ (ಪೇಷಂಟ್ ಮೇಲೆ ಹೊದಿಸೋ ಸ್ಟೆರೈಲ್ ಬಟ್ಟೆ) ಹಾಕಿದ್ ಮೇಲೆ ಅಸಿಸ್ಟೆಂಟ್ ಆ ಕೈ ಮೇಲೆ ಒರಗಿದ್ದಾರಾ ಅಂತ ನೋಡಿ, ಒರಗಿದ್ರೆ ಸಂಕೋಚ ಬಿಟ್ಟು ಹೇಳಿ.

ಇನ್ನು ಲಿಥಾಟಮಿ, ಅಂದ್ರೆ ಅಂಗಾತ ಮಲಗಿಸಿ ಎರಡೂ ಕಾಲು ಎತ್ತಿ ಅಗಲಿಸಿ ಇಡೋ ಪೊಸಿಷನ್. ಹಿಂದೆ ನಾನಿದ್ದ ಕಡೆ ಒಬ್ರು ಯಜಮಾನ್ರು, ತುಂಬಾ ಸಣಕಲು ಮೈ, ಆಪರೇಷನ್ ಚೆನ್ನಾಗೇ ಆಯ್ತು, ಮಾರನೇ ದಿನ ಬಾತ್‌ರೂಮಿಗೆ ಎದ್ರೆ ಎಡಗಾಲಿನ ಚಪ್ಪಲಿ ನಿಲ್ತಾನೇ ಇಲ್ಲ, ಪಾದ ಎತ್ತೋಕಾಗ್ತಿಲ್ಲ. ಮೊಣಕಾಲಿನ ಹೊರಮಗ್ಗುಲು, ಸ್ವಲ್ಪ ಕೆಳಗೆ, ಗುಂಡಗೆ ಮೂಳೆ ಸಿಗುತ್ತೆ, ಪೆರೋನಿಯಲ್ ನರ ಅದನ್ನೇ ಸುತ್ತಿ ಹೋಗೋದು, ಅವರಿಗೆ ಕಾಲು ಎತ್ತಿ ಇಡೋ ಸ್ಟಿರಪ್‌ನ ಕಂಬಿ ಅಲ್ಲೇ ಒತ್ತಿತ್ತು. ಇವತ್ತಿಗೂ ಕಂಬಿಗೂ ಕಾಲಿಗೂ ನಡುವೆ ನನ್ನ ಕೈ ತೂರಿಸಿ ನೋಡದೆ ನಾನು ಬಿಡಲ್ಲ. ಎರಡೂ ಕಾಲು ಒಟ್ಟಿಗೆ, ಇಬ್ರು ಸೇರಿ ಎತ್ತಿ, ಇಳಿಸುವಾಗ್ಲೂ ಹಂಗೇ. ಎರಡು ಗಂಟೆ ದಾಟ್ತಿದ್ರೆ ಸರ್ಜನ್‌ಗೆ ಟೈಮ್ ನೆನಪಿಸಿ.

ಮಗ್ಗುಲಾಗಿ ಮಲಗಿಸಿದ್ರೆ ರೋಲ್ ಇಡೋದು ಕಂಕುಳ ಒಳಗಲ್ಲ, ಅದಕ್ಕಿಂತ ಸ್ವಲ್ಪ ಸೊಂಟದ ಕಡೆಗೆ, ಎದೆಗೂಡಿನ ಅಡಿಗೆ. ತಲೆ ತುಂಬಾ ತಗ್ಗಿಸೋ ಕೇಸಲ್ಲಿ ಭುಜಕ್ಕೆ ಬ್ರೇಸ್ ಕೊಟ್ಟು ತಡೆಯೋದು ಬೇಡ, ಜಾರದ ಮ್ಯಾಟ್ ಹಾಕಿ. ಟೇಬಲ್ ವಾಲಿಸಿದಾಗೆಲ್ಲ ಇನ್ನೊಂದ್ಸಲ ಚೆಕ್ ಮಾಡಿ.

ಇಷ್ಟೆಲ್ಲಾ ಮಾಡಿದ್ರೂ ಒಮ್ಮೊಮ್ಮೆ ನರಕ್ಕೆ ತೊಂದರೆ ಆಗುತ್ತೆ, ಅದಕ್ಕೇ ಯಾವ ಪೊಸಿಷನ್, ಎಲ್ಲಿ ಪ್ಯಾಡ್, ಎಷ್ಟು ಹೊತ್ತು ಅಂತ ಚಾರ್ಟಲ್ಲಿ ಬರೀರಿ. ರಿಕವರೀಲಿ ಬೆರಳು ಅಗಲಿಸೋಕೆ, ಪಾದ ಮೇಲೆತ್ತೋಕೆ ಹೇಳಿ. ಕೆಲವರಿಗೆ ಒಂದೆರಡು ದಿನ ಬಿಟ್ಟು ಗೊತ್ತಾಗುತ್ತೆ, ವಾರ್ಡ್ ಸಿಸ್ಟರ್‌ಗೂ ತಿಳಿಸಿರಿ. ಬರೀ ಜೋಮಾದ್ರೆ ಸುಮಾರು ಜನಕ್ಕೆ ಕೆಲವು ವಾರದಲ್ಲಿ ಕಮ್ಮಿಯಾಗುತ್ತೆ, ಶಕ್ತಿನೇ ಇಲ್ಲ ಅಂದ್ರೆ ಅವತ್ತೇ ನರರೋಗ ಡಾಕ್ಟರ್‌ಗೆ ತೋರಿಸಬೇಕು.